ಜಮೀನಿಗೂ ಬೇಟೆಗೂ ಒಂದೇ ಯುಟಿವಿ: ಕೊಳ್ಳುವ ಮೊದಲು

ಸದಸ್ಯರ ಗಮನಕ್ಕೆ. ಯುಟಿವಿ ಎಂದರೆ ಅಕ್ಕಪಕ್ಕ ಕೂತು ಓಡಿಸುವ, ಹಿಂದೆ ಸಾಮಾನು ಹೊರುವ, ಕಚ್ಚಾ ದಾರಿಗೆಂದೇ ಮಾಡಿದ ಸಣ್ಣ ಗಾಡಿ. ಅಶ್ವಶಕ್ತಿ ನೋಡಿ ಮರುಳಾಗಬೇಡಿ, ಮೊದಲು ಕೈಪಿಡಿಯಲ್ಲಿ ಒಟ್ಟು ಹೊರೆಯ ಮಿತಿ ಓದಿ. ಕೂತವರ ತೂಕವೂ ಅದರಲ್ಲೇ ಸೇರಿರುತ್ತದೆ. ಮಿತಿ 450 ಕೆಜಿ ಇದ್ದು ತಲಾ 80 ಕೆಜಿಯ ಇಬ್ಬರು ಕೂತರೆ ಸಾಮಾನಿಗೆ ಉಳಿಯುವುದು 290. ಟ್ರೇಲರ್ ಕಟ್ಟಿದರೆ ಕೊಕ್ಕೆಯ ಮೇಲೆ ಬೀಳುವ ಭಾರವನ್ನೂ ಕಳೆಯಿರಿ.

ಹೊರೆ ಎಳೆಯುವ ಗಾಡಿಗಳಲ್ಲಿ ಬೇಗ ಹಾಳಾಗುವುದು ಸಿವಿಟಿ ಬೆಲ್ಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳ ಕಡೆಗೆ ದಾಟಿಸುವ ರಬ್ಬರ್ ಪಟ್ಟಿ. ಹೈ ಗೇರಿನಲ್ಲಿ ಭಾರ ಎಳೆಯುತ್ತ ನಿಧಾನ ಸಾಗಿದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ, ಕಾದು, ಸುಟ್ಟು ಹೋಗುತ್ತದೆ. ಏರು, ಕೆಸರು, ಟ್ರೇಲರ್ ಇದ್ದಲ್ಲೆಲ್ಲ ಲೋ ಗೇರ್ ಹಾಕಿ. ಇಳಿಜಾರು ಜಮೀನಾದರೆ ಎಂಜಿನ್ ಬ್ರೇಕಿಂಗ್ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವುದು) ಇಲ್ಲದ ಗಾಡಿ ಬೇಡವೇ ಬೇಡ. ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಬಿಡಿಸುವಂತಿರಲಿ, ಇಲ್ಲವಾದರೆ ತಿರುವಿನಲ್ಲಿ ಚಕ್ರ ಉಜ್ಜಿ ಹುಲ್ಲುಗಾವಲು ಕಿತ್ತುಬರುತ್ತದೆ. ಅಗಲವನ್ನು ನಿಮ್ಮ ಗೇಟಿಗೆ ಅಳೆದು ನೋಡಿ.

ಬೇಟೆಗೆ ವಿದ್ಯುತ್ ಮಾದರಿಯ ಮೌನ ದೊಡ್ಡ ಅನುಕೂಲ. ಆದರೆ ಚಳಿ, ಹೊರೆ, ಏರು ಮೂರೂ ಬ್ಯಾಟರಿ ಓಡುವ ದೂರವನ್ನು ತಗ್ಗಿಸುತ್ತವೆ. ವಾಪಸಾತಿಗೂ ಸಾಲುವಂತೆ ಲೆಕ್ಕ ಹಾಕಿ. ಬಂದೂಕು ಗಾಡಿಯಲ್ಲಿರುವಾಗ ಗುಂಡು ತೆಗೆದಿರಬೇಕು, ಬಂದೂಕು ಅದರ ಚೀಲದಲ್ಲೇ ಇರಬೇಕು. ಗಾಡಿಯ ಹೊಗೆ ಕೊಳವೆಯ ಸೈಲೆನ್ಸರ್ ಸುತ್ತ ಸಿಕ್ಕಿಕೊಂಡ ಒಣಹುಲ್ಲು ಹೊತ್ತಿಕೊಳ್ಳುತ್ತದೆ, ಪ್ರತಿ ಸಲ ಇಳಿದಾಗ ಕಿತ್ತು ಹಾಕಿ.

ಹಳೆಯದನ್ನು ಕೊಳ್ಳುವವರು ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಒಳಗೆ ಕೆಸರಿದ್ದರೆ, ಅಥವಾ ಗೇರ್ ಆಯಿಲ್ ಹಾಲಿನಂತೆ ಬಿಳಿಚಿದ್ದರೆ ಗಾಡಿ ನೀರಿನಲ್ಲಿ ಮುಳುಗಿದ್ದಿರಬಹುದು. ಬೆಲೆ ಎಷ್ಟೇ ಇಳಿಸಿದರೂ ಅಂಥದ್ದನ್ನು ಬಿಟ್ಟುಬಿಡಿ.