ಅರ್ಕಾವತ್ತು ತಪ್ಪಿದರೆ ದಡ್ಡತನವಲ್ಲ

ಮಾನ್ಯರೇ,

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮನೆಯಲ್ಲಿ ತುಳು ಆಡುವ ಮಗು, ಕಲಬುರಗಿ ಕಡೆಯ ಮಗು, ಬೀದಿಯ ಮರಾಠಿಯೇ ಮೊದಲು ಬಾಯಿಗೆ ಬರುವ ಮಗು ಒಂದೇ ಬೆಂಚಿನಲ್ಲಿ ಕೂರುವುದುಂಟು. ಮೂವರಿಗೂ ಒಂದೇ ರೀತಿ ಪಾಠ ಹೇಳಿದರೆ ಇಬ್ಬರ ತಲೆಗೆ ಹತ್ತುವುದಿಲ್ಲ.

ರಕಾರದ ಗುರುತಾದ ಅರ್ಕಾವತ್ತನ್ನೇ ನೋಡಿ. ‘ಸೂರ್ಯ’ದಲ್ಲಿ ಅದನ್ನು ಬರೆಯುವುದು ‘ಯ’ ಆದಮೇಲೆ, ಉಚ್ಚರಿಸುವುದು ಮೊದಲು. ದೇವನಾಗರಿಯಲ್ಲಿ ಅದೇ ರಕಾರ ಅಕ್ಷರದ ನೆತ್ತಿಯ ಮೇಲೆ. ಸಾಲದ್ದಕ್ಕೆ ಕನ್ನಡದ ಅಂಕಿ ೯ರದ್ದೂ ಅದೇ ಆಕಾರ! ಮಗು ‘ಸೂಯರ’ ಎಂದರೆ ಕಣ್ಣಿಗೆ ಕಂಡಂತೆ ಓದಿದೆ, ಅಷ್ಟೇ. ಸೂರ್ಯ, ಕಾರ್ಯ, ವರ್ಷ, ಧರ್ಮ, ಮಾರ್ಗ: ದಿನಕ್ಕೆ ಐದು ಪದ ಸಾಕು. ಮೊದಲು ಚಪ್ಪಾಳೆ ತಟ್ಟಿ ‘ಸೂರ್‌-ಯ’ ಎಂದು ಒಡೆದು ಹೇಳಿಸಿ, ಆಮೇಲೆ ಅರ್ಕಾವತ್ತನ್ನಷ್ಟೇ ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ, ಕೊನೆಗೆ ಬರೆಸಿ. ಬರೆಸುವುದರಿಂದಲೇ ಶುರುಮಾಡಿದರೆ ತಪ್ಪು ಕೈಗೆ ಕೂತುಬಿಡುತ್ತದೆ.

40 ನಿಮಿಷದ ಪಿರಿಯಡ್‌ನಲ್ಲಿ 10 ನಿಮಿಷ ಎಲ್ಲರಿಗೂ, 20 ನಿಮಿಷ ಅಕ್ಷರ, ಪದ, ವಾಕ್ಯ ಓದುವ ಮಕ್ಕಳ ಬೇರೆಬೇರೆ ಗುಂಪುಗಳಿಗೆ, ಉಳಿದದ್ದು ಮತ್ತೆ ಒಟ್ಟಿಗೆ. 15 ದಿನಕ್ಕೊಮ್ಮೆ ಓದಿಸಿ ನೋಡಿ ಗುಂಪು ಬದಲಿಸದಿದ್ದರೆ ಹಣೆಪಟ್ಟಿ ಅಂಟುತ್ತದೆ. ಕಿವಿ ಮಂದವಾದ ಮಗುವಿದ್ದರೆ ಹಲಗೆಯತ್ತ ತಿರುಗಿ ಮಾತಾಡಬಾರದು, ತುಟಿ ಕಾಣಬೇಕು.

ಓದು-ಬರಹ ಕಲಿಯಲು ತೊಡಕಾಗುವ ಡಿಸ್ಲೆಕ್ಸಿಯಾ ಸಹ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತದೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಅದರಲ್ಲೇ ಇವೆ. ಈ ತೊಂದರೆಯ ಪ್ರಮಾಣಪತ್ರಕ್ಕೆ ಹತ್ತನೇ ತರಗತಿಯಲ್ಲಿ ಓಡಾಡುವ ಬದಲು ಮೂರನೇ ತರಗತಿಯಲ್ಲೇ ಪೋಷಕರನ್ನು ಕರೆದು ತಿಳಿಸಬೇಕು.

– ಕನ್ನಡ ಮಾಧ್ಯಮ ಶಿಕ್ಷಕರು, ಮುಂಬಯಿ