ಧರ್ಮಸೇವೆಗೆ ಗೌರವ ಡಾಕ್ಟರೇಟ್: ಸೇವೆ ಯಾವುದೆಂದು ತಿಳಿಸಲಿ

ಮಾನ್ಯರೇ,

ಚಿಕ್ಕಮಗಳೂರಿನ ವೃತ್ತಗಳಲ್ಲಿ ಗೌರವ ಡಾಕ್ಟರೇಟ್ ಪಡೆದವರನ್ನು ಅಭಿನಂದಿಸುವ ಫ್ಲೆಕ್ಸ್‌ಗಳು ಈಚೆಗೆ ಹೆಚ್ಚಾಗಿ ಕಾಣಿಸುತ್ತಿವೆ. ಗೌನು, ಟೋಪಿ ಧರಿಸಿದ ಭಾವಚಿತ್ರದ ಕೆಳಗೆ ‘ಧಾರ್ಮಿಕ ಸೇವೆಗಾಗಿ’ ಎಂಬ ಒಂದೇ ಮಾತಿರುತ್ತದೆ. ಆ ಸೇವೆ ಯಾವುದು, ಅದರಿಂದ ಯಾರಿಗೆ ಅನುಕೂಲವಾಯಿತು ಎಂಬ ವಿವರವಿರುವುದಿಲ್ಲ, ಪದವಿ ಕೊಟ್ಟ ಸಂಸ್ಥೆಯ ಹೆಸರನ್ನಂತೂ ಮೂಲೆಯ ಸಣ್ಣಕ್ಷರಗಳಲ್ಲಿ ಹುಡುಕಬೇಕಾಗುತ್ತದೆ.

ಧರ್ಮಸೇವೆಯಲ್ಲಿ ಬಾಳು ಸವೆಸಿದವರನ್ನು ವಿಶ್ವವಿದ್ಯಾಲಯಗಳು ಗೌರವಿಸುವುದು ಉಚಿತವೇ ಆಗಿದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೆ 1965ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪ್ರದಾನ ಮಾಡಿದಾಗ, ಮಠದ ಪಂಕ್ತಿಯಲ್ಲಿ ಉಂಡು ಓದಿದ ಮಕ್ಕಳೇ ಅದಕ್ಕೆ ಸಾಕ್ಷಿಯಾಗಿದ್ದರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಗೌರವ ಡಾಕ್ಟರೇಟ್ ನೀಡುವ ಹೊತ್ತಿಗೆ, ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಎರಡು ವರ್ಷ ಕಳೆದಿತ್ತು. ಇಬ್ಬರ ವಿಷಯದಲ್ಲೂ ಈ ಗೌರವ ಯಾತಕ್ಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಈಗ ಕೇಳಲೇಬೇಕಾಗಿದೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಕೇಂದ್ರ ಅಥವಾ ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಪರಿಗಣಿತವಾದ (ಡೀಮ್ಡ್) ಸಂಸ್ಥೆ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ನೀಡಬಹುದು. ಇದನ್ನು ಉಲ್ಲಂಘಿಸಿದವರಿಗೆ ಕಾಯ್ದೆ ವಿಧಿಸಿರುವ ದಂಡ ಹೆಚ್ಚೆಂದರೆ 1,000 ರೂಪಾಯಿ. ಹೋಟೆಲ್ ಸಭಾಂಗಣದಲ್ಲಿ ‘ನೋಂದಣಿ ಶುಲ್ಕ’ ಪಡೆದು ಡಾಕ್ಟರೇಟ್ ಹಂಚುವವರು ಇಷ್ಟು ದಂಡಕ್ಕೆ ಹೆದರುವುದುಂಟೇ? ಈ ಮೊತ್ತವನ್ನು ಸಂಸತ್ತು ಎಂದೋ ಪರಿಷ್ಕರಿಸಬೇಕಾಗಿತ್ತು.

ಇಂತಹ ಪದವಿಗಳ ಗದ್ದಲದಲ್ಲಿ ನಿಜವಾದ ಸೇವೆ ಕಣ್ಣಿಗೆ ಬೀಳದೆ ಹೋಗುತ್ತಿರುವುದು ನನಗೆ ಹೆಚ್ಚು ನೋವಿನ ಸಂಗತಿ. ಮಳೆಗಾಲದ ಜಿಗಣೆ ಕಾಟದ ನಡುವೆಯೂ ಔಷಧಿಯ ಚೀಲ ಹಿಡಿದು ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ನಡೆದು, ಬಾಣಂತಿಯರ ಆರೋಗ್ಯ ವಿಚಾರಿಸಿ ಬರುವ ಕ್ರೈಸ್ತ ಸಿಸ್ಟರ್‌ಗಳು, ದೇವಸ್ಥಾನದ ಪೂಜೆಗೆಂದು ಸರ್ಕಾರ ಕೊಡುವ ತಸ್ತೀಕು ಹಣ ಕೈಸೇರದ ದಿನಗಳಲ್ಲೂ ನಂದಾದೀಪ ಆರಗೊಡದೆ, ಸಂಜೆ ದೇವಸ್ಥಾನದ ಜಗಲಿಯಲ್ಲಿ ಊರ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಅರ್ಚಕರು ನಮ್ಮ ಮಲೆನಾಡಿನಲ್ಲಿದ್ದಾರೆ. ಇವರ ಪರವಾಗಿ ಅರ್ಜಿ ಹಿಡಿದು ಓಡಾಡುವ ಅಭಿಮಾನಿ ಬಳಗವಿಲ್ಲ. ದೊಡ್ಡ ಪೀಠ, ದೊಡ್ಡ ಭಕ್ತವೃಂದವಿದ್ದವರ ಹೆಸರು ತಾನಾಗಿಯೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯವರೆಗೆ ತಲುಪುತ್ತದೆ; ಇವರ ಹೆಸರನ್ನು ವಿಶ್ವವಿದ್ಯಾಲಯವೇ ಹುಡುಕಿಕೊಂಡು ಬರಬೇಕು.

ಆದ್ದರಿಂದ ಗೌರವ ಪದವಿಯ ಪ್ರಸ್ತಾವವನ್ನು ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆಗೆ ಕಳುಹಿಸುವ ಮೊದಲು, ಸೇವೆ ನಡೆದ ಊರಿಗೆ ಹೋಗಿ ಅಲ್ಲಿನವರನ್ನೇ ವಿಚಾರಿಸಿದ ವರದಿಯೊಂದು ಕಡತದಲ್ಲಿರಲಿ, ಅದರ ಸಾರಾಂಶವನ್ನು ಘಟಿಕೋತ್ಸವದ ದಿನ ಸಾರ್ವಜನಿಕವಾಗಿ ಪ್ರಕಟಿಸಲಿ. ಕುವೆಂಪು ವಿಶ್ವವಿದ್ಯಾಲಯವು ಮುಂದಿನ ಘಟಿಕೋತ್ಸವದಿಂದಲೇ ಈ ಕ್ರಮವನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಚಿಕ್ಕಮಗಳೂರು