ಗೆಳೆಯನಿಗೊಂದು ಪತ್ರ: ತೆಂಗಿನ ಬುಡದ ನೆಲಗಡಲೆ

ಕದ್ರಿ, ಮಂಗಳೂರು

ಪ್ರಿಯ ಗೆಳೆಯ,

ನಮ್ಮ ಹಿತ್ತಿಲಿನ ಎರಡು ತೆಂಗಿನ ಮರಗಳ ನಡುವಿನ ಜಾಗ ನಿನಗೆ ನೆನಪಿರಬಹುದು. ಮಳೆ ಬಿಟ್ಟ ಮೇಲೆ ಅಲ್ಲಿ ಬರೀ ಕೆಂಪು ಧೂಳು. ಈಗ ಮಣ್ಣೇ ಕಾಣುವುದಿಲ್ಲ, ನೆಲಗಡಲೆ ಹಬ್ಬಿಕೊಂಡಿದೆ.

ನರ್ಸರಿಯವರು ಪಿಂಟೋಯಿ ಹಾಕಿ ಎಂದಿದ್ದರು. ಅದೂ ನೆಲಗಡಲೆಯ ದಾಯಾದಿಯೇ, ಬ್ರೆಜಿಲ್ ಮೂಲದ್ದು, ವರ್ಷಗಟ್ಟಲೆ ಬಾಳುತ್ತದೆ. ನನಗೆ ಬೇಕಿದ್ದದ್ದು ನಾಲ್ಕು ತಿಂಗಳಲ್ಲಿ ಬಾಳು ಮುಗಿಸಿ, ಜೂನ್ ಮಳೆಗೆ ಮೊದಲೇ ಜಾಗ ಬಿಟ್ಟುಕೊಡುವ ಗಿಡ.

ಕಳೆದ ವರ್ಷವೂ ಬಿತ್ತಿದ್ದೆ. ಗಿಡ ಹುಲುಸಾಗಿ ಬಂತು, ಹೂವೂ ಬಿಟ್ಟಿತು. ಕಿತ್ತು ನೋಡಿದರೆ ಬಹುಪಾಲು ಜೊಳ್ಳು. ತುಂಬಾ ಬೇಸರವಾಗಿತ್ತು. ಆಮೇಲೆ ತಿಳಿಯಿತು: ಕಾಯಿಗೆ ಬೇಕಾದ ಸುಣ್ಣದ ಅಂಶವನ್ನು ಬೇರು ಒದಗಿಸಲಾರದು, ಕಾಯಿಯೇ ತನ್ನ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳಬೇಕು. ನಮ್ಮ ಕರಾವಳಿಯ ಮಳೆ ಅದನ್ನೆಲ್ಲ ತೊಳೆದುಕೊಂಡು ಹೋಗಿ ಮಣ್ಣನ್ನು ಹುಳಿ ಮಾಡಿರುತ್ತದೆ. ಹಾಗಾಗಿ ಈ ಸಲ ನವೆಂಬರಿನಲ್ಲಿ ಮರಳು ಸೇರಿಸಿ, ಮೇಲೆ ಚಿಪ್ಪಿನ ಸುಣ್ಣ ಬೆರೆಸಿ ಬಿತ್ತಿದೆ. ಬೈಂದೂರು ಕಡೆಯ ಮರಳು ನೆಲದಲ್ಲಿ ನೆಲಗಡಲೆ ಅಷ್ಟು ಚೆನ್ನಾಗಿ ಒಗ್ಗುವುದೇಕೆ ಎಂಬುದೂ ಆಗ ಅರ್ಥವಾಯಿತು. ಗಟ್ಟಿ ಮಣ್ಣಿನೊಳಗೆ ಕಾಯಿಯಾಗಬೇಕಾದ ಎಳೆ ಇಳಿಯುವುದಾದರೂ ಹೇಗೆ?

ಆ ಇಳಿಯುವಿಕೆಯನ್ನು ನೀನು ಕಣ್ಣಾರೆ ನೋಡಬೇಕು. ಬಿತ್ತಿ ತಿಂಗಳಾಗುವ ಹೊತ್ತಿಗೆ ಬೆಳ್ಳಂಬೆಳಗ್ಗೆ ಹಳದಿ ಹೂ ಅರಳುತ್ತದೆ, ಬಿಸಿಲೇರುವಾಗ ಬಾಡುತ್ತದೆ. ಕೆಲವು ದಿನ ಕಳೆದರೆ ಹೂವಿದ್ದ ಕಡೆಯಿಂದ ಒಂದು ನೇರಳೆ ಎಳೆ ಹೊರಟು ನೆಲದತ್ತ ಬಾಗುತ್ತದೆ. ಅದರ ಮೊನೆಯಲ್ಲೇ ಮುಂದಿನ ಕಾಯಿ ಇರುವುದು. ಮಣ್ಣೊಳಗೆ ಹೊಕ್ಕು ಕತ್ತಲೆ ಸಿಕ್ಕ ಮೇಲೆಯೇ ಅದು ಅಡ್ಡಲಾಗಿ ತಿರುಗಿ ಊದಿಕೊಳ್ಳತೊಡಗುತ್ತದೆ. ತೀರಾ ಎತ್ತರದ ಗೆಣ್ಣಿನಿಂದ ಹೊರಟದ್ದು ನೆಲ ಮುಟ್ಟಲಾಗದೆ ಒಣಗುತ್ತದೆ. ಅಂಥವಕ್ಕೆ ಬುಡಕ್ಕೆ ಸ್ವಲ್ಪ ಮಣ್ಣು ಏರಿಸಿ ಕೊಟ್ಟೆ. ಸಂಜೆಯಾದರೆ ಎಲೆಗಳೆಲ್ಲ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಅಮ್ಮ ಅದನ್ನು ನೋಡಿಯೇ ದೀಪ ಹಚ್ಚಲು ಏಳುತ್ತಾರೆ.

ನಿನ್ನೆ ಒಂದು ಗಿಡ ಕಿತ್ತೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ಅಲ್ಲಿ ನಡೆಯುತ್ತಿದೆ ಎಂಬುದಕ್ಕೆ ಅದೇ ಗುರುತು. ಕಾಯಿ ಬಿಡಿಸಿಕೊಂಡ ಮೇಲೆ ಗಿಡವನ್ನು ತೆಂಗಿನ ಬುಡಕ್ಕೇ ಹಾಕುತ್ತೇನೆ.

ಸಿಪ್ಪೆಯ ಒಳಮೈ ಇನ್ನೂ ಬಿಳಿಯಾಗಿದೆ, ಕಂದು ಬಣ್ಣ ಬರಬೇಕು. ಶಿವರಾತ್ರಿ ಕಳೆದ ಮೇಲೆ ಕೀಳೋಣ, ಮಕ್ಕಳನ್ನೂ ಕರೆದುಕೊಂಡು ಬಾ. ಉಪ್ಪು ಹಾಕಿ ಬೇಯಿಸಲು ಅಮ್ಮ ದೊಡ್ಡ ಪಾತ್ರೆಯನ್ನು ಈಗಲೇ ಅಟ್ಟದಿಂದ ಇಳಿಸಿಟ್ಟಿದ್ದಾರೆ.

ಇಂತಿ ನಿನ್ನ ಗೆಳೆಯ